ಊದದೇ ಉಳಿದ ನಾಲ್ಕು ಬೆರಳು

ಐವತ್ತೈದು ಕೋಟಿ ವರ್ಷದ ಹಿಂದೆ ಸತ್ತ ಒಂದು ಪ್ರಾಣಿಗೆ ತಲೆ ಇತ್ತೋ ಇಲ್ಲವೋ ಎಂದು ಜಗಳವಾಡುವುದೂ ಒಂದು ಉದ್ಯೋಗವೇ ಎಂದು ನೀವು ಕೇಳಬಹುದು. ಧಾರಾಳವಾಗಿ ಕೇಳಿ. ಅಚ್ಚಕ್ಕನ ಅತ್ತೆ, ಸೊಸೆ ಮನೆಗೆ ಬಂದ ವಾರದಲ್ಲೇ ಕೇಳಿದ್ದರು. "ಅದಕ್ಕೆ ಸಂಬಳಾನೂ ಕೊಡ್ತಾರಾ?" ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು. ಕೊಡುತ್ತಾರೆ, ಆದರೆ ಕಡಿಮೆ ಎಂದು ಸೊಸೆ ಹೇಳಿದ ಮೇಲೆ ಅವರಿಗೆ ಲೋಕದ ಮೇಲೆ ಮತ್ತೆ ನಂಬಿಕೆ ಬಂದಿತ್ತು.

ಅಚ್ಚಕ್ಕ ಮ್ಯೂಸಿಯಮ್ಮಿನಲ್ಲಿ ಅಚ್ಚು ತೆಗೆಯುವವಳು. ಕಲ್ಲಿನ ಮೇಲಿರುವ ಪಳೆಯುಳಿಕೆಗೆ ರಬ್ಬರು ಬಳಿಯಬೇಕು, ಅದು ಗಟ್ಟಿಯಾದ ಮೇಲೆ ಹುಷಾರಾಗಿ ಸುಲಿಯಬೇಕು. ಸುಲಿದ ರಬ್ಬರೇ ಅಚ್ಚು. ಅದರೊಳಗೆ ಪ್ಲಾಸ್ಟರ್ ಸುರಿದರೆ ಕಲ್ಲಿನ ತದ್ರೂಪು ಎದ್ದು ಬರುತ್ತದೆ. ಹೇಳಲು ಎಷ್ಟು ಸಲೀಸು ನೋಡಿ! ಕಲಿಯಲು ಅವಳಿಗೆ ಎಂಟು ವರ್ಷ ಹಿಡಿದಿತ್ತು, ಕಲಿಸಿದ ಮೇಸ್ತ್ರಿಯ ಬೈಗುಳ ಕಿವಿಯಿಂದ ಹೋಗಲು ಇನ್ನೆಂಟು ವರ್ಷ.

ಅವಳ ಕೆಲಸದ ಕೋಣೆ ನೆಲಮಾಳಿಗೆಯಲ್ಲಿತ್ತು. ಇದ್ದದ್ದು ಒಂದೇ ಕಿಟಕಿ, ಅದೂ ಸೂರಿಗೆ ಅಂಟಿಕೊಂಡಂತೆ. ಅದರಾಚೆ ಕಾಣುವುದು ಬೀದಿಯಲ್ಲಿ ಓಡಾಡುವವರ ಕಾಲು ಮಾತ್ರ. ಇಷ್ಟು ವರ್ಷದಲ್ಲಿ ಅವಳು ಚಪ್ಪಲಿ ನೋಡಿಯೇ ಜನರನ್ನು ಗುರುತು ಹಿಡಿಯುವಷ್ಟು ಪಳಗಿದ್ದಳು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ರಟ್ಟಿನ ಡಬ್ಬಿ, ಒಂದೊಂದು ಡಬ್ಬಿಯಲ್ಲೂ ಪೌಡರು ಮೆತ್ತಿಕೊಂಡು ಮಲಗಿರುವ ಒಂದೊಂದು ರಬ್ಬರಿನ ಅಚ್ಚು. ಮೂಲೆಯಲ್ಲೊಂದು ತೊಟ್ಟಿ, ಅದರ ಪಕ್ಕದಲ್ಲಿ ಎರಡು ಲೋಟ. ಒಂದು ಅವಳದು, ಇನ್ನೊಂದು ಮೇಡಮ್ಮನದು.

ಮೇಡಂ ಎಂದರೆ ಕಲ್ಲು ಓದುವ ಪಂಡಿತರು. ಎಪ್ಪತ್ತೊಂದು ವಯಸ್ಸು. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಅದನ್ನು ಯಾರೋ ತಮಾಷೆಗೆ ಹೇಳಿದ ಸುದ್ದಿ ಎಂಬಂತೆ ದಿನಾ ಒಂಬತ್ತೂವರೆಗೆ ಹಾಜರು. ಮಹಡಿಯ ಮೇಲಿನ ತಮ್ಮ ಕೋಣೆಗೆ ಹೋಗುವ ಮುಂಚೆ ನೆಲಮಾಳಿಗೆಗೆ ಇಳಿದು ಅಚ್ಚಕ್ಕನ ಜೊತೆ ಟೀ ಕುಡಿಯಲೇಬೇಕು. ಬಾಗಿಲು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಅವಳನ್ನು ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಮೇಡಂ ಮಾತ್ರ "ಏ ಹುಡುಗಿ" ಎನ್ನುತ್ತಿದ್ದರು. ಹುಡುಗಿಗೆ ಐವತ್ತೊಂದು ತುಂಬಿತ್ತು, ಮಂಡಿ ನೋವಿತ್ತು, ಓದುವುದಕ್ಕೆ ಒಂದು ದೂರ ನೋಡುವುದಕ್ಕೆ ಒಂದು ಎಂದು ಎರಡು ಕನ್ನಡಕವಿತ್ತು. ಆದರೂ ಬೆಳಿಗ್ಗೆ ಮೆಟ್ಟಿಲ ಮೇಲಿಂದ ಆ "ಏ ಹುಡುಗಿ" ಕೇಳಿದರೆ ಅವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ತಾಯಿ ಹೋದ ಮೇಲೆ ಅವಳನ್ನು ಹಾಗೆ ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ.

ಇನ್ನು ಆ ಪ್ರಾಣಿಯ ವಿಷಯ. ಒಂದು ಗೇಣುದ್ದದ, ಎಲೆಯಾಕಾರದ, ಮೆತ್ತನೆಯ ಜೀವ. ಎಲುಬಿಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ. ಭೂಮಿಯ ಮೇಲೆ ಮರವಿಲ್ಲ, ಹುಲ್ಲಿಲ್ಲ, ಸಮುದ್ರದಲ್ಲಿ ಮೀನೂ ಇಲ್ಲದ ಕಾಲದಲ್ಲಿ ನೀರಿನ ತಳದ ಮರಳಿನ ಮೇಲೆ ಇಂಥವು ಹಾಸಿಕೊಂಡು ಬದುಕಿದ್ದವು. ಯಾರನ್ನೂ ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ, ಯಾರಿಗೂ ಹೆದರಿ ಓಡುತ್ತಿರಲಿಲ್ಲ. ಆ ಕಾಲದ ಪಳೆಯುಳಿಕೆಗಳಲ್ಲಿ ಮೂಳೆಗೀಳೆ ಏನೂ ಇರುವುದಿಲ್ಲ. ಮರಳುಗಲ್ಲಿನ ಮೇಲೆ ಮೈ ಒತ್ತಿದ ಗುರುತು ಇರುತ್ತದೆ, ಅಷ್ಟೇ. ಅದೂ ನೆತ್ತಿಯ ಮೇಲಿನ ಬಿಸಿಲಲ್ಲಿ ಕಾಣಿಸದು. ಬೆಳಕು ಪಕ್ಕದಿಂದ, ನೆಲಕ್ಕೆ ತಾಗಿದಂತೆ ಬೀಳಬೇಕು. ಆಗ ಬರಿಯ ಕಲ್ಲಾಗಿದ್ದದ್ದರ ಮೇಲೆ ಸಾಲು ಸಾಲು ಪಟ್ಟಿಗಳು ನೆರಳು ಚೆಲ್ಲುತ್ತಾ ಮೇಲೇಳುತ್ತವೆ.

ಇಪ್ಪತ್ತೆರಡು ವರ್ಷದ ಹಿಂದೆ ಮೇಡಂ ಅದನ್ನು ಕಂಡದ್ದು ಸಮುದ್ರದ ಬದಿಯ ಒಂದು ಬಂಡೆಯ ಇಳಿಜಾರಿನಲ್ಲಿ, ಸಂಜೆ ಹೊತ್ತು ಮುಳುಗುವ ಮುಂಚಿನ ಹತ್ತು ನಿಮಿಷದಲ್ಲಿ. ಒಂದು ತುದಿಗೆ ಆಗಲೇ ನೆರಳು ಬಿದ್ದಿತ್ತು. ಬಂಡೆಯನ್ನು ಕತ್ತರಿಸಿ ತರುವ ಹಾಗಿರಲಿಲ್ಲ, ಬಿರುಕು ಬಿಟ್ಟಿತ್ತು. ಮಾರನೆಯ ದಿನ ಸಮುದ್ರ ಇಳಿದ ಹೊತ್ತು ನೋಡಿ ಅಚ್ಚಕ್ಕನನ್ನು ಕರೆದುಕೊಂಡು ಹೋದರು. ನೀರು ಮತ್ತೆ ಏರಿ ದಾರಿ ಮುಚ್ಚುವುದರೊಳಗೆ ಅಚ್ಚು ತೆಗೆದು ವಾಪಸಾಗಬೇಕು. ಅಚ್ಚಕ್ಕನ ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಮೇಲೆ ಕುಳಿತ ಮೇಡಮ್ಮನ ಕೈಯಲ್ಲಿ. ಗಾಳಿಗೆ ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ಒಪ್ಪಂದ ಮಾಡಿಕೊಂಡಿದ್ದರು: ಒಂದು ಸಲ ಎಳೆದರೆ 'ಹೇಗಿದ್ದೀಯ', ಎರಡು ಸಲ ಎಳೆದರೆ 'ಬೇಗ ಮುಗಿಸು'.

ಅವತ್ತೇ ಅಚ್ಚು ತೆಗೆದದ್ದು ಒಳ್ಳೆಯದಾಯಿತು. ಮರುವರ್ಷದ ಬಿರುಗಾಳಿಗೆ ಆ ಬಂಡೆ ಕಳಚಿಕೊಂಡು ಸಮುದ್ರಕ್ಕೆ ಬಿತ್ತು. ಜಗತ್ತಿನಲ್ಲಿ ಉಳಿದದ್ದು ಅಚ್ಚಕ್ಕನ ರಬ್ಬರಿನ ಅಚ್ಚು, ಅದರಿಂದ ಮೇಸ್ತ್ರಿ ಸುರಿದ ಆರು ಪ್ಲಾಸ್ಟರ್ ಪ್ರತಿಗಳು, ಮತ್ತೆ ನಡುಮಧ್ಯಾಹ್ನ ತೆಗೆದ, ಏನೂ ಕಾಣಿಸದ ನಾಲ್ಕು ಫೋಟೋ.

ಆ ಪ್ರತಿಗಳ ಒಂದು ತುದಿಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ, ಗುಂಡನೆಯ ಉಬ್ಬು ಇತ್ತು. ಮೇಡಂ ಒಂದು ವಾರ ಅದನ್ನು ದಿಟ್ಟಿಸಿದರು. ಕಡೆಗೆ ಬರೆದರು: ಇದು ತಲೆ. ಅಂದರೆ ಈ ಪ್ರಾಣಿಗೆ ಹಿಂದು ಮುಂದು ಇತ್ತು. ಸುಮ್ಮನೆ ಬಿದ್ದುಕೊಂಡದ್ದಲ್ಲ, ಒಂದು ದಿಕ್ಕಿಗೆ ಹೊರಟಿತ್ತು. ತಲೆ ಎಂಬುದು ಜಗತ್ತಿನಲ್ಲಿ ಶುರುವಾದದ್ದು ಇಲ್ಲಿಂದ.

ಅಬ್ಬಬ್ಬಾ, ಆಮೇಲೆ ಆದ ಗದ್ದಲವೇ! ದೂರದೂರದ ಪಂಡಿತರು ಬಂದು ನೋಡಿದರು. ಬೇರೆ ಕಡೆಗಳಲ್ಲಿ ಇದೇ ಜಾತಿಯ ಗುರುತುಗಳು ಒಂದೊಂದಾಗಿ ಸಿಗತೊಡಗಿದವು, ಒಂದಕ್ಕೂ ತಲೆ ಇರಲಿಲ್ಲ. "ಸತ್ತ ಮೇಲೆ ಕಳಚಿ ಹೋಗಿರತ್ತೆ" ಎಂದು ಮೇಡಂ ಪಟ್ಟು ಬಿಡಲಿಲ್ಲ. ಇಪ್ಪತ್ತು ವರ್ಷ ಒಬ್ಬರೇ ಜಗ್ಗಾಡಿದರು. ಅವರಿಗೆ ಮಕ್ಕಳಿರಲಿಲ್ಲ, ಮನೆಯೆಂದರೆ ಪುಸ್ತಕ ಪೇರಿಸಿದ ಎರಡು ಕೋಣೆ. ಆ ಗುಂಡಿಯಷ್ಟು ತಲೆಯೇ ಅವರ ಬಾಳಿನ ಗಳಿಕೆ. ಮ್ಯೂಸಿಯಮ್ಮಿನ ಬ್ಯಾಡ್ಜಿನ ಮೇಲೆ ಅದು, ಕಾಗದದ ತಲೆಬರಹದಲ್ಲಿ ಅದು, ಈಗ ಹೊಸ ನಿರ್ದೇಶಕರ ಉತ್ಸಾಹದಿಂದ ಗೇಟಿನ ಬಳಿ ಎರಡಾಳೆತ್ತರದ ಫೈಬರ್ ಬೊಂಬೆಯೂ ಅದೇ. ಬೊಂಬೆಗೆ ನಗುಮುಖ ಬೇರೆ ಕೊಟ್ಟಿದ್ದರು, ಕರ್ಮ.

ಸೋಮವಾರ ಹೊಸ ಪ್ರದರ್ಶನದ ಕೋಣೆ ತೆರೆಯುವುದಿತ್ತು. ಹಳೆಯ ಪ್ರತಿ ಬಿರುಕು ಬಿಟ್ಟಿದ್ದರಿಂದ ಅಚ್ಚಕ್ಕನಿಗೆ ಹೊಸದು ಸುರಿಯಲು ಹೇಳಿದರು. ಬುಧವಾರ ಮಧ್ಯಾಹ್ನ ಅವಳು ಆ ಡಬ್ಬಿಯನ್ನು ಇಳಿಸಿದಳು. ಮೇಸ್ತ್ರಿ ಕಟ್ಟಿದ ದಾರ ಹಾಗೇ ಇತ್ತು. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಈ ಅಚ್ಚಿಗೆ ಅವಳು ತಾನೇ ಪ್ಲಾಸ್ಟರ್ ಸುರಿಯುತ್ತಿರುವುದು ಇದೇ ಮೊದಲು.

ಮೆತ್ತನೆ ಬ್ರಷ್ಷಿನಿಂದ ಪೌಡರು ಝಾಡಿಸಿ, ಟಾರ್ಚನ್ನು ಮೇಜಿಗೆ ತಾಗಿಸಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿದಳು. ರಬ್ಬರು ಎಷ್ಟು ಚೆನ್ನಾಗಿ ಹಿಡಿದಿತ್ತೆಂದರೆ ಕಲ್ಲಿನ ಒಂದೊಂದು ಮರಳ ಕಣವೂ ಅದರಲ್ಲಿ ಅಚ್ಚೊತ್ತಿತ್ತು. ಇದು ನನ್ನ ಕೈಕೆಲಸ ಎಂದು ಅವಳಿಗೆ ಹೆಮ್ಮೆಯೇ ಆಯಿತು. ಪಟ್ಟಿಯ ಮೇಲೆ ಪಟ್ಟಿ ದಾಟುತ್ತಾ ತುದಿಗೆ ಬಂದಳು. ತಲೆಯ ಗುಳಿ ಸಿಕ್ಕಿತು.

ಅದರೊಳಗೆ ಮರಳಿನ ಗುರುತಿರಲಿಲ್ಲ.

ಟಾರ್ಚು ಆ ಕಡೆಯಿಂದ ಹಿಡಿದಳು, ಈ ಕಡೆಯಿಂದ ಹಿಡಿದಳು. ಕನ್ನಡಕ ಬದಲಾಯಿಸಿದಳು. ಗುಳಿಯ ಒಳಮೈ ನುಣ್ಣಗೆ, ಹೊಸ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಕಲ್ಲಿಗೆ ತಾಗಿದ ರಬ್ಬರು ಹಾಗೆ ಹೊಳೆಯುವುದಿಲ್ಲ. ಗಾಳಿಗೆ ತಾಗಿದ್ದು ಮಾತ್ರ ಹೊಳೆಯುತ್ತದೆ.

ಈ ಕೆಲಸದಲ್ಲಿ ಮೊದಲ ವಾರ ಕಲಿಸುವ ಮಾತೊಂದಿದೆ. ಪ್ರತಿಯ ಮೇಲೆ ಕುಳಿ ಬಿದ್ದರೆ ಪ್ಲಾಸ್ಟರಿನಲ್ಲಿ ಗುಳ್ಳೆ ಇತ್ತು ಎಂದು ತಿಳಿ, ಉಬ್ಬು ಎದ್ದರೆ ರಬ್ಬರಿನಲ್ಲಿ ಗುಳ್ಳೆ ಇತ್ತು ಎಂದು ತಿಳಿ. ಅದಕ್ಕೇ ರಬ್ಬರಿನ ಮೊದಲ ಪದರವನ್ನು ತೆಳ್ಳಗೆ ಬಳಿದು, ಬಾಯಲ್ಲಿ ಸಣ್ಣ ಕೊಳವೆ ಇಟ್ಟುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಊದಿ ಊದಿ ಒಂದೊಂದು ಗುಳ್ಳೆಯನ್ನೂ ಒಡೆಯಬೇಕು. ಅದಾದ ಮೇಲೆಯೇ ದಪ್ಪ ಪದರ. ಆ ದಿನ ಬಂಡೆಯ ಮೇಲೆ ಅವಳು ಹಾಗೇ ಊದುತ್ತಾ ಹೋಗಿದ್ದಳು. ಇನ್ನು ನಾಲ್ಕು ಬೆರಳಗಲ ಬಾಕಿ ಇರುವಾಗ ಸೊಂಟದ ಹಗ್ಗ ಎರಡು ಸಲ ಎಳೆದಿತ್ತು. ಕೆಳಗೆ ನೀರು ದಾರಿಯ ಕಲ್ಲುಗಳನ್ನು ಮುಟ್ಟುತ್ತಿತ್ತು. ಅವಳು ಕೊಳವೆಯನ್ನು ಜೇಬಿಗೆ ಹಾಕಿ ದಪ್ಪ ಪದರ ಬಳಿದುಬಿಟ್ಟಳು.

ಪ್ಲಾಸ್ಟರ್ ಪ್ರತಿಯಲ್ಲಿ ಆ ನುಣುಪು ಯಾರ ಕಣ್ಣಿಗಾದರೂ ಬೀಳಬೇಕಿತ್ತಲ್ಲ ಎನ್ನುತ್ತೀರಾ? ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಬಿಳಿ ಪ್ಲಾಸ್ಟರನ್ನು ಅವರು ಎಂದೂ ನೆಲಮಾಳಿಗೆಯಿಂದ ಮೇಲಕ್ಕೆ ಕಳಿಸಿದವರಲ್ಲ. ಬಣ್ಣ ಹಚ್ಚಿ, ಅದು ಹಸಿ ಇರುವಾಗಲೇ ಜರಡಿ ಹಿಡಿದ ಮರಳನ್ನು ಉದುರಿಸುತ್ತಿದ್ದರು. ಒಣಗಿದ ಮೇಲೆ ಸಾಕ್ಷಾತ್ ಕಲ್ಲೇ. ಪಂಡಿತರೆಲ್ಲ ಭೂತಗನ್ನಡಿ ಹಿಡಿದು ಆ ತಲೆಯ ಮೇಲೆ ನೋಡಿದ್ದು ಮೇಸ್ತ್ರಿ ಉದುರಿಸಿದ ಮರಳನ್ನು.

ಅವಳು ಅಚ್ಚಿನ ತುದಿಗೆ ಮಾತ್ರ ಒಂದಿಷ್ಟು ಪ್ಲಾಸ್ಟರ್ ಸುರಿದು, ಗಟ್ಟಿಯಾದ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದಳು.

ಅವಳ ಗಂಡ ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಕೂತು ದಿನವಿಡೀ ಕಂಡವರ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು ಅವನ ಕಸುಬು. ಇಬ್ಬರಿಗೂ ಪರಿಚಯವಾದದ್ದೇ ಅಂಗಡಿಯಲ್ಲಿ, ಉಳಿದಿದ್ದ ಒಂದೇ ಚೀಲ ಪ್ಲಾಸ್ಟರಿಗೆ ಇಬ್ಬರೂ ಕೈ ಹಾಕಿದಾಗ. ಅಡುಗೆಮನೆಯ ಮೇಜಿನ ಮೇಲೆ ಅವಳು ತುಂಡನ್ನಿಟ್ಟಳು. ಅವನು ಬೆರಳಿನಿಂದ ಒಮ್ಮೆ ಸವರಿದ.

"ಗುಳ್ಳೆ ಕಣೇ ಇದು," ಎಂದ. "ನನ್ನ ಸೆಟ್ಟಲ್ಲಿ ಇಂಥದೊಂದು ಉಳಿದಿದ್ರೆ ಮಾರನೇ ದಿನಾನೇ ಬಂದು ಮುಖಕ್ಕೆ ಎಸೀತಿದ್ರು. ಯಾರದ್ದು ಈ ಬಾಯಿ?"

"ಬಾಯಲ್ಲ ರೀ. ಮೇಡಮ್ಮನ ತಲೆ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ನಗು ಅರ್ಧಕ್ಕೇ ನಿಂತಿತು.

"ಅಯ್ಯೋ ದೇವರೇ. ಯಾರಿಗಾದ್ರೂ ಗೊತ್ತಾ?"

"ನಿಮಗೆ, ನನಗೆ."

"ನಿನ್ನ ಗಿರಾಕಿಗಳು ಪುಣ್ಯವಂತರು. ಸತ್ತು ಅಷ್ಟು ಕೋಟಿ ವರ್ಷ ಆಗಿದೆ, ಚುಚ್ಚುತ್ತೆ ಅಂತ ಬಂದು ಕೂಗಾಡಲ್ಲ." ಅವನು ಟೀ ಬಗ್ಗಿಸಿ ಅವಳ ಮುಂದಿಟ್ಟ. "ಹೇಳ್ತೀಯಾ?"

"ಹೇಳದೆ ಇದ್ರೆ ಮೇಸ್ತ್ರಿ ಥರ ಮರಳು ಉದುರಿಸಬೇಕು. ಗೊತ್ತಿದ್ದೂ ಉದುರಿಸಬೇಕು. ಹೇಳಿದ್ರೆ..." ಅವಳು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಅವರ ಹತ್ರ ಇರೋದು ಅದೊಂದೇ ರೀ. ಅದನ್ನ ನಾನೇ ಕಿತ್ಕೊಂಡ್ರೆ ನನ್ನ ಮುಖ ಮತ್ತೆ ನೋಡ್ತಾರಾ? ದಿನಾ ಬೆಳಿಗ್ಗೆ ಬರ್ತಾರಾ?"

ಒಳಗಿನಿಂದ ಅತ್ತೆ ಬಂದರು. ಮಗ ಮಾಡಿಕೊಟ್ಟ ಸೆಟ್ಟನ್ನು ಯಾವತ್ತಿನಂತೆ ಕೈಯಲ್ಲೇ ಹಿಡಿದಿದ್ದರು. ಬಾಯಿಗೆ ಹಾಕಿಕೊಂಡರೆ ಅಂದ ಕೆಡುತ್ತದೆ ಎಂಬುದು ಅವರ ವಾದ. "ಏನೇ ಅದು, ಮುಖ ಸಪ್ಪೆ ಮಾಡ್ಕೊಂಡಿದೀಯ?"

ಸೊಸೆ ಎರಡೇ ಮಾತಿನಲ್ಲಿ ಹೇಳಿದಳು.

"ಇಷ್ಟು ವರ್ಷ ಅದು ತಲೆ ಅಂತ ಹೇಳಿಕೊಂಡು ಸಂಬಳ ತಗೊಂಡ್ರಾ?" ಎಂದರು ಅತ್ತೆ. ಆಮೇಲೆ ಸೊಸೆಯ ಮುಖ ನೋಡಿ ಸ್ವರ ತಗ್ಗಿಸಿದರು. "ಆಯಮ್ಮಂಗೆ ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ ಕಣೇ. ನೀನೇ ಹೇಳು."

ಗುರುವಾರ ಅವಳಿಗೆ ಹೇಳಲಾಗಲಿಲ್ಲ. ಮೇಡಂ ಬಂದರು, ಟೀ ಕುಡಿದರು, ಹೊಸ ಕೋಣೆಯ ದೀಪಗಳನ್ನು ಎಷ್ಟು ಕೆಳಗೆ ಜೋಡಿಸಬೇಕೆಂದು ಎಲೆಕ್ಟ್ರಿಷಿಯನ್ ಜೊತೆ ತಾವು ನಡೆಸಿದ ಯುದ್ಧವನ್ನು ವರ್ಣಿಸಿದರು, "ಸೋಮವಾರ ಚೆನ್ನಾಗಿ ಕಾಣಬೇಕು ನೋಡು ಹುಡುಗಿ, ಎಲ್ಲ ಬರ್ತಾರೆ" ಎಂದು ಹೇಳಿ ಮೇಲೆ ಹೋದರು. ಅಚ್ಚಕ್ಕ ಮಿಕ್ಕ ದಿನವನ್ನೆಲ್ಲ ತೊಳೆದ ಬಟ್ಟಲುಗಳನ್ನೇ ಮತ್ತೆ ತೊಳೆಯುತ್ತಾ ಕಳೆದಳು.

ಶುಕ್ರವಾರ ಅವರು ಕೂರುವ ಮೊದಲೇ ಅವಳು ಅಚ್ಚನ್ನೂ ಟಾರ್ಚನ್ನೂ ಭೂತಗನ್ನಡಿಯನ್ನೂ ಮೇಜಿನ ಮೇಲೆ ಅಣಿಯಾಗಿಟ್ಟಿದ್ದಳು.

"ಮೇಡಂ, ಇಲ್ಲಿ ನೋಡಿ. ಈ ಗುಳಿಯೊಳಗೆ."

ಮೇಡಂ ಬಾಗಿದರು. ಅವರ ಕೈ ಟಾರ್ಚನ್ನು ತಾನಾಗಿಯೇ ಕೆಳಕ್ಕೆ, ಮೇಜಿಗೆ ತಾಗುವಂತೆ ಇಳಿಸಿತು. ಬಹಳ ಹೊತ್ತು ನೋಡಿದರು. ಕಿಟಕಿಯಾಚೆ ಹತ್ತಾರು ಜೊತೆ ಕಾಲು ದಾಟಿ ಹೋದವು.

"ಬೇರೆ ಕಡೆಯೆಲ್ಲಾ ಮರಳಿನ ಗುರುತು ಇದೆಯಾ?"

"ಇದೆ ಮೇಡಂ. ಎಲ್ಲಾ ಕಡೆ ಇದೆ."

"ಇಲ್ಲಿಲ್ಲ."

"ಇಲ್ಲ. ಗುಳ್ಳೆ ಉಳಿದುಬಿಟ್ಟಿದೆ. ಅವತ್ತು ಕೊನೇ ನಾಲ್ಕು ಬೆರಳು ನಾನು ಊದಲಿಲ್ಲ ಮೇಡಂ. ಊದದೇ ದಪ್ಪ ಪದರ ಹಾಕಿಬಿಟ್ಟೆ." ಹಗ್ಗದ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಎರಡು ಸಲ ಎಳೆದರೇನಂತೆ, ಇನ್ನೊಂದು ನಿಮಿಷ ಎಂದು ಕೈ ಎತ್ತಿ ತೋರಿಸಬಹುದಿತ್ತಲ್ಲ. ಊದಬೇಕಾದ ಬಾಯಿ ತನ್ನದು.

ಮೇಡಂ ಭೂತಗನ್ನಡಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟರು. ಟೀ ಹಾಗೇ ಇತ್ತು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತರು, ತಿರುಗಲಿಲ್ಲ.

"ಬರ್ತೀನಿ ಅಚ್ಚಕ್ಕ," ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಅವರ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮೇಸ್ತ್ರಿಯ ಕೈಕೆಳಗೆ ಬೆಳೆದವಳಿಗೆ ಬೈಗುಳ ಲೆಕ್ಕವೇ? ಆದರೆ ಎಲ್ಲರೂ ಕರೆಯುವ ಹಾಗೆ ಅವರೂ ಕರೆದು ಹೋದರಲ್ಲ, ಅದು ಅವಳ ಕರುಳಿಗೆ ತಾಗಿತು. ಮೇಡಮ್ಮನ ಲೋಟ ತೊಳೆಯಲು ಹೋಗಿ ತೊಟ್ಟಿಯ ಮುಂದೆ ನಿಂತು ಚೆನ್ನಾಗಿ ಅತ್ತಳು.

ಮಧ್ಯಾಹ್ನ ನಿರ್ದೇಶಕರು ನೆಲಮಾಳಿಗೆಗೆ ಓಡಿ ಬಂದರು. ಮುಖ ಬೆವತಿತ್ತು. "ಅಚ್ಚಕ್ಕ, ಮೇಡಂ ಫೋನ್ ಮಾಡಿದ್ರು. ತಲೆ ತೆಗೀರಿ ಅಂದ್ರು. ಅಷ್ಟೇ ಹೇಳಿ ಇಟ್ಟುಬಿಟ್ರು. ನಿಜವಾ? ಆಚೆ ನಾಡಿದ್ದೇ ಸೋಮವಾರ! ಬ್ಯಾಡ್ಜು? ಬೋರ್ಡು? ಗೇಟಲ್ಲಿ ನಗ್ತಾ ನಿಂತಿದೆಯಲ್ಲ, ಅದನ್ನೇನ್ ಮಾಡ್ಲಿ?"

"ಬೊಂಬೆ ತಾನೇ ಸರ್. ಬೊಂಬೆ ಅಂತ ಒಂದು ಬೋರ್ಡು ಹಾಕಿ."

"ತಮಾಷೆ ಮಾಡಬೇಡಿ."

"ಇಲ್ಲ ಸರ್," ಎಂದಳು. ಅವಳಿಗೆ ತಮಾಷೆ ಮಾಡುವ ಶಕ್ತಿಯೂ ಇರಲಿಲ್ಲ.

ಶನಿವಾರ ಇಡೀ ಪ್ರತಿಯನ್ನು ಸುರಿದಳು. ಸುಲಿದಾಗ ಎಲ್ಲಾ ಪಟ್ಟಿಗಳೂ ಮೈಮುರಿದು ಎದ್ದ ಹಾಗೆ ಎದ್ದು ಬಂದವು, ತುದಿಯಲ್ಲಿ ಆ ಗುಂಡಿಯೂ ಬಂತು. ಸಣ್ಣ ಚಾಕುವಿನಿಂದ ಅದನ್ನು ಪದರ ಪದರವಾಗಿ ಹೆರೆದಳು. ಜಗತ್ತಿನ ಮೊದಲ ತಲೆ ಮೇಜಿನ ಮೇಲೆ ಒಂದು ಚಿಟಿಕೆ ಬಿಳಿ ಪುಡಿಯಾಯಿತು.

ಅದರ ಜಾಗದಲ್ಲಿ ಏನಿತ್ತು? ಪಟ್ಟಿಗಳು ಹಾಗೇ ಮುಂದುವರಿದಿದ್ದವೋ, ಚೂಪಾಗಿ ಮುಗಿದಿದ್ದವೋ, ಅಥವಾ ನಿಜವಾಗಿಯೂ ಸಣ್ಣದೊಂದು ತಲೆಯೇ ಇತ್ತೋ, ಯಾರಿಗೂ ಗೊತ್ತಿಲ್ಲ. ಗುಳ್ಳೆ ಕೂತಿದ್ದ ಕಡೆ ರಬ್ಬರು ಕಲ್ಲನ್ನು ಮುಟ್ಟಿಯೇ ಇರಲಿಲ್ಲ. ಕಲ್ಲು ಸಮುದ್ರದಲ್ಲಿದೆ. ಮೇಸ್ತ್ರಿಯಾಗಿದ್ದರೆ ನಾಲ್ಕು ಗೆರೆ ಎಳೆದು, ಬಣ್ಣ ಹಚ್ಚಿ, ಮರಳು ಉದುರಿಸಿ, ಯಾರಪ್ಪನಿಗೂ ತಿಳಿಯದ ಹಾಗೆ ಕೂಡಿಸಿಬಿಡುತ್ತಿದ್ದರು. ಅವಳ ಕೈಗೂ ಆ ವಿದ್ಯೆ ಗೊತ್ತಿತ್ತು. ಕುಂಚ ಎತ್ತಿಕೊಂಡಳು. ಪ್ರಾಣಿಯ ಮೈಗೆಲ್ಲ ಕಲ್ಲಿನ ಬಣ್ಣ ಹಚ್ಚಿದಳು. ಆ ಗುಂಡಿಯಷ್ಟು ಜಾಗಕ್ಕೆ ಬಂದಾಗ ನಿಲ್ಲಿಸಿ, ಕುಂಚ ತೊಳೆದಿಟ್ಟಳು. ಮರಳನ್ನು ಅವಳು ಎಲ್ಲಿಯೂ ಉದುರಿಸಲಿಲ್ಲ. ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ.

ಸೋಮವಾರದವರೆಗೂ ಮೇಡಂ ಬರಲಿಲ್ಲ, ಫೋನೂ ಮಾಡಲಿಲ್ಲ. ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅಚ್ಚಕ್ಕ ಅಭ್ಯಾಸಬಲದಿಂದ ಎರಡು ಲೋಟಕ್ಕೆ ಟೀ ಸುರಿದು, ಒಂದನ್ನು ತೊಟ್ಟಿಗೆ ಚೆಲ್ಲಿದಳು.

ಹನ್ನೊಂದಕ್ಕೆ ಹೊಸ ಕೋಣೆಯ ತುಂಬ ಜನ. ಮುಂದೆ ಗಣ್ಯರು, ನಡುವೆ ಪಂಡಿತರು, ಹಿಂದೆ ಗೋಡೆಗೊರಗಿ ಅಚ್ಚಕ್ಕ, ಎಲೆಕ್ಟ್ರಿಷಿಯನ್, ಬಡಗಿ. ಅಚ್ಚಕ್ಕನ ಗಂಡ ಅರ್ಧ ದಿನ ರಜೆ ಹಾಕಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ದೀಪಗಳನ್ನು ಮೇಡಂ ಹೇಳಿದ ಹಾಗೆಯೇ ಕೆಳಗೆ ಜೋಡಿಸಿದ್ದರು. ಒಂದು ಮಾತ್ರ ಕೈಕೊಟ್ಟು, ಅದರ ಬದಲು ಎಲೆಕ್ಟ್ರಿಷಿಯನ್ ಉದ್ದ ತಂತಿಯ ದೀಪವೊಂದನ್ನು ಮೇಜಿನ ತುದಿಗೆ ಸಿಕ್ಕಿಸಿದ್ದ.

ಮುಖ್ಯ ಅತಿಥಿಗಳು ಒಳ್ಳೆಯವರೇ, ಸ್ವಲ್ಪ ಜೋರು ಗಂಟಲು. ಪ್ರತಿಯ ಮುಂದೆ ಬಾಗಿ ನೋಡಿ, ನಗುತ್ತಾ ನಿರ್ದೇಶಕರ ಬೆನ್ನು ತಟ್ಟಿದರು. "ಗಡಿಬಿಡೀಲಿ ಇಲ್ಲಿ ಬಣ್ಣ ಹಚ್ಚೋದೇ ಮರೆತುಬಿಟ್ಟಿದ್ದೀರಲ್ರೀ!"

ನಿರ್ದೇಶಕರ ಮುಖ ಕೆಂಪಾಯಿತು. ಕೋಣೆಯಲ್ಲಿ ಸಣ್ಣಗೆ ನಗು ಹರಡಿತು. ಇಷ್ಟು ಜನರ ಮುಂದೆ ಅಚ್ಚಕ್ಕ ಜನ್ಮದಲ್ಲಿ ಬಾಯಿ ತೆರೆದವಳಲ್ಲ. ಆದರೂ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಮರೆತಿಲ್ಲ ಸರ್. ಬೇಕಂತಲೇ ಬಿಟ್ಟಿದ್ದು. ಅಲ್ಲಿ ಏನಿತ್ತು ಅಂತ ನಮಗೆ ಗೊತ್ತಿಲ್ಲ." ಆ ಬಿಳಿ ಜಾಗದತ್ತ ಕೈ ತೋರಿಸಿದಳು. "ಅಲ್ಲಿ ತಲೆ ಇದೆ ಅಂತ ಇಷ್ಟು ವರ್ಷ ಎಲ್ಲರೂ ಅಂದ್ಕೊಂಡಿದ್ವಿ. ಅದು ಗಾಳಿಗುಳ್ಳೆ. ಅಚ್ಚು ತೆಗೆಯುವಾಗ ಅದನ್ನ ಊದಿ ಒಡೀಬೇಕಿತ್ತು, ನಾನು ಒಡೀಲಿಲ್ಲ. ಮೇಡಂ ನನ್ನ ಅಚ್ಚನ್ನ ನಂಬಿ ಬರೆದ್ರು. ತಪ್ಪು ನನ್ನದು."

ನಗು ನಿಂತುಹೋಯಿತು. ಪಂಡಿತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಹಿಂದಿನಿಂದ ಬಂದು ಅವಳ ಪಕ್ಕ ನಿಂತ.

"ಅರ್ಧ ಹೇಳ್ತಿದಾಳೆ ಅವಳು," ಎಂಬ ಸ್ವರ ಬಾಗಿಲ ಕಡೆಯಿಂದ ಬಂತು.

ಮೇಡಂ ಚೀಲ ಹೆಗಲಿಗೆ ಹಾಕಿಕೊಂಡೇ ಒಳಗೆ ಬಂದರು. ಮೂರು ದಿನದಲ್ಲಿ ಮೂರು ವರ್ಷ ಕಳೆದವರಂತೆ ಕಾಣುತ್ತಿದ್ದರು. ಜನ ದಾರಿ ಬಿಟ್ಟರು. ಅವರು ನೇರ ಮೇಜಿನ ಹತ್ತಿರ ಹೋಗಿ ಆ ಬಿಳಿ ಜಾಗದ ಮೇಲೆ ಹೆಬ್ಬೆರಳು ಇಟ್ಟರು. ಹೆಬ್ಬೆರಳು ಅದನ್ನು ಪೂರ್ತಿ ಮುಚ್ಚಿತು.

"ಅವತ್ತು ಹಗ್ಗ ನನ್ನ ಕೈಯಲ್ಲಿತ್ತು," ಎಂದರು, ಅತಿಥಿಗಳಿಗಲ್ಲ, ಅವಳನ್ನೇ ನೋಡುತ್ತಾ. "ಎರಡು ಸಲ ಎಳೆದೆ. ನೀನು ಇನ್ನೂ ಊದ್ತಾ ಇದ್ದದ್ದು ಮೇಲಿಂದ ನನಗೆ ಕಾಣ್ತಿತ್ತು. ನೀರು ದಾರಿ ಮುಚ್ಚೋಕೆ ಇನ್ನೂ ಹೊತ್ತಿತ್ತು. ನಾನು ಎಳೆದದ್ದು ನೀರಿನ ಭಯಕ್ಕಲ್ಲ, ಮನೆಗೆ ಹೋಗಿ ಅದನ್ನ ಬೆಳಕಲ್ಲಿ ನೋಡೋವರೆಗೂ ತಡೆಯೋಕಾಗ್ತಿರಲಿಲ್ಲ. ಮೊನ್ನೆಯಿಂದ ನಿನ್ನ ಮುಂದೆ ಬಂದು ಇದನ್ನ ಹೇಳೋಕೆ ಧೈರ್ಯ ಬರಲಿಲ್ಲ."

ಹಗ್ಗದ ಮಾತನ್ನು ಅವರು ಮರೆತಿದ್ದಾರೆ ಎಂದು ಅಚ್ಚಕ್ಕ ಅಂದುಕೊಂಡಿದ್ದಳು.

ಮೇಡಂ ಹೆಬ್ಬೆರಳು ತೆಗೆದು, ಬಾಗಿ, ಪ್ರಾಣಿಯ ಮೈಯನ್ನು ಒಂದು ತುದಿಯಿಂದ ನೋಡುತ್ತಾ ಬಂದರು. ತಂತಿಯ ದೀಪ ಸ್ವಲ್ಪ ಮೇಲಿತ್ತು, ಪಟ್ಟಿಗಳು ಮಂಕಾಗಿದ್ದವು. ಬಾಗಿದಲ್ಲಿಂದಲೇ ಹುಬ್ಬು ಗಂಟಿಕ್ಕಿದರು.

"ಏ ಹುಡುಗಿ, ದೀಪ ಒಂಚೂರು ಕೆಳಗೆ ಹಿಡಿ. ಏನೂ ಕಾಣ್ತಿಲ್ಲ."

ಹುಡುಗಿ ಕಣ್ಣೊರೆಸಿಕೊಂಡು, ದೀಪವನ್ನು ಮೇಜಿಗೆ ತಾಗುವಂತೆ ಹಿಡಿದಳು.